ಶಾಫ್ಟು ಒಂದೇ, ಬೆಲ್ಟು ನಾಲ್ಕು

ಜುಲೈ ಮಳೆಯಲ್ಲಿ ಕಂಪ್ಯೂಟರನ್ನು ಗೊಬ್ಬರದ ಚೀಲದಲ್ಲಿ ಸುತ್ತಿ, ಬೈಕಿನ ಹಿಂದೆ ಕಟ್ಟಿಕೊಂಡು ಬರುವವರು ಶಿರಸಿಯಲ್ಲಿ ಅಂಗಡಿ ಇಟ್ಟ ನನಗೆ ಹೊಸಬರಲ್ಲ. ಕಳೆದ ಮಳೆಗಾಲದಲ್ಲಿ ಹಾಗೆ ಬಂದ ಕಾಲೇಜು ಹುಡುಗನ ದೂರೂ ಹೊಸದಲ್ಲ. "ವಿಂಡೋಸ್ ಪದೇ ಪದೇ ಹಾಳಾಗ್ತಾ ಇದ್ದು ಅಣ್ಣಾ. ನಾಲ್ಕು ಸಲ ಹಾಕ್ದಿ."

ನಾನು ಏನೂ ಕೇಳಲಿಲ್ಲ. ಆನ್ ಮಾಡಿ, ಡಿಲೀಟ್ ಒತ್ತಿ, ಬಯೋಸ್ ಒಳಗೆ, ಅಂದರೆ ಬೋರ್ಡಿನ ಸೆಟ್ಟಿಂಗುಗಳ ಪರದೆಗೆ ಹೋದೆ. ಪಿ35 ಚಿಪ್‌ಸೆಟ್ಟಿನ ಬೋರ್ಡು, ಕ್ಯೂ6600 ಪ್ರೊಸೆಸರು. ಎರಡೂ 2007ರ ಸುಮಾರಿನವು, ಎರಡೂ ಇನ್ನೂ ಗಟ್ಟಿ. ಎಫ್‌ಎಸ್‌ಬಿ (ಬೋರ್ಡಿನ ಮೂಲ ಗಡಿಯಾರದ ವೇಗ) 266 ಮೆಗಾಹರ್ಟ್ಸ್ ಇರಬೇಕಾದಲ್ಲಿ 340. ವೋಲ್ಟೇಜ್ 1.25 ಇದ್ದದ್ದು 1.45 ಆಗಿತ್ತು. ರ‍್ಯಾಮ್ ಎದುರಿಗೆ ಮಾತ್ರ "ಆಟೋ" ಎಂದು ಪಾಪದ ಹಾಗೆ ಕೂತಿತ್ತು.

"ಓವರ್‌ಕ್ಲಾಕ್ ಮಾಡಿದ್ಯಾ ತಮ್ಮಾ?"

"ಪ್ರೊಸೆಸರ್ ಒಂದೇ ಅಣ್ಣಾ. ಬೇರೆ ಎಂತದೂ ಮುಟ್ಟಿದ್ದಿಲ್ಲೆ."

ಓವರ್‌ಕ್ಲಾಕ್ ಅಂದರೆ ಚಿಪ್ಪನ್ನು ಕಂಪನಿ ಕೊಟ್ಟ ವೇಗಕ್ಕಿಂತ ಹೆಚ್ಚು ಓಡಿಸುವುದು. ಈ "ಪ್ರೊಸೆಸರ್ ಒಂದೇ" ಎಂಬ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಈ ಅಂಕಣ ಬರೆಯುತ್ತಿರುವುದೇ ಅದಕ್ಕಾಗಿ. ಬಯೋಸ್ ಒಳಗೆ ಹೋಗುವುದು ಹೇಗೆ, ಜಂಪರ್ ಹಾಕಿ ಸಿಮಾಸ್ ಅಳಿಸುವುದು ಹೇಗೆ ಎಂಬುದನ್ನೆಲ್ಲ ನಾನು ಹೇಳಿಕೊಡಲು ಹೋಗುವುದಿಲ್ಲ. ಅದು ಗೊತ್ತಿಲ್ಲದವರು ಇನ್ನೂ ಕೆಲವು ದಿನ ಈ ಕೆಲಸಕ್ಕೆ ಕೈ ಹಾಕದಿರುವುದೇ ಒಳ್ಳೆಯದು.

ಹಳೇ ಅಕ್ಕಿ ಗಿರಣಿ ನೋಡಿದವರಿಗೆ ವಿಷಯ ಬೇಗ ತಲೆಗೆ ಹೋಗುತ್ತದೆ. ಮೂಲೆಯಲ್ಲಿ ಒಂದೇ ಇಂಜಿನ್. ಅದು ಮಾಡಿನ ಕೆಳಗೆ ಉದ್ದಕ್ಕೆ ಹಾಯ್ದ ಒಂದು ಶಾಫ್ಟನ್ನು ತಿರುಗಿಸುತ್ತದೆ. ಆ ಶಾಫ್ಟಿನಿಂದ ಒಂದು ಬೆಲ್ಟು ಭತ್ತದ ಹಲ್ಲರಿಗೆ, ಒಂದು ಹಿಟ್ಟಿನ ಕಲ್ಲಿಗೆ, ಒಂದು ಮೆಣಸಿನ ಪುಡಿಗೆ, ಒಂದು ಎಣ್ಣೆ ಗಾಣಕ್ಕೆ. ಭತ್ತ ಬೇಗ ಆಗಲಿ ಎಂದು ಇಂಜಿನ್ ಜೋರು ಮಾಡಿದರೆ ಹಲ್ಲರ್ ಒಂದೇ ಜೋರಾಗುತ್ತದೆಯೇ? ಹಿಟ್ಟಿನ ಕಲ್ಲು ಬಿಸಿಯಾಗಿ ಹಿಟ್ಟು ಸುಟ್ಟ ವಾಸನೆ ಬರುತ್ತದೆ. ಕೆಲಸ ಗೊತ್ತಿದ್ದ ಗಿರಣಿಯವನು ಇಂಜಿನ್ ಜೋರು ಮಾಡುವ ಮೊದಲು ಹಿಟ್ಟಿನ ಕಲ್ಲಿನ ಪುಲ್ಲಿ ಬದಲಾಯಿಸುತ್ತಾನೆ.

ಎಲ್‌ಜಿಎ 775 ಕಾಲದ, ಅಂದರೆ ಹುಡುಗನ ಬೋರ್ಡಿನಂಥ ಮದರ್‌ಬೋರ್ಡಿನಲ್ಲಿ ಆ ಶಾಫ್ಟೇ ನಾವು ಬಸ್ಸು ಎಂದು ಕರೆಯುವ ಎಫ್‌ಎಸ್‌ಬಿ. ಅದರಿಂದ ಹೊರಡುವ ಬೆಲ್ಟುಗಳು ನಾಲ್ಕು: ಪ್ರೊಸೆಸರು, ರ‍್ಯಾಮು, ನಾರ್ತ್‌ಬ್ರಿಡ್ಜ್ ಚಿಪ್ಪು (ಪ್ರೊಸೆಸರು-ರ‍್ಯಾಮಿನ ನಡುವಿನ ಸೇತುವೆ), ಬೇರೆ ಕಾರ್ಡು ಚುಚ್ಚುವ ಪಿಸಿಐ ಸಾಲಿನ ಸ್ಲಾಟುಗಳು. ಕ್ಯೂ6600ರ ಪುಲ್ಲಿ, ಅಂದರೆ ಮಲ್ಟಿಪ್ಲೈಯರ್, 9. 266ನ್ನು 9ರಿಂದ ಗುಣಿಸಿದರೆ 2.4 ಗಿಗಾಹರ್ಟ್ಸ್. ಡಬ್ಬಿಯ ಮೇಲೆ ಬರೆಯುವ 1066 ಎಂಬುದು ಅದೇ 266ರ ನಾಲ್ಕು ಪಟ್ಟು, ಬೇರೇನೂ ಅಲ್ಲ. ಹುಡುಗ 340 ಮಾಡಿದಾಗ ಪ್ರೊಸೆಸರು 3.06ಕ್ಕೆ ಹೋಯಿತು. ಅವನು ನೋಡಿದ್ದು ಅಷ್ಟನ್ನೇ.

ಅವನ ರ‍್ಯಾಮು ಡಿಡಿಆರ್2-800; ಈ 800 ಅಂದರೆ 400ರ ಗಡಿಯಾರದ ಎರಡು ಪಟ್ಟು. 266ರ ಬಸ್ಸಿಗೆ 800ರ ರ‍್ಯಾಮು ಹೊಂದಬೇಕಾದರೆ ಅನುಪಾತ 2:3 ಇರಬೇಕು. "ಆಟೋ" ಅದನ್ನೇ ಹಿಡಿದುಕೊಂಡಿತ್ತು. ಬಸ್ಸು 340 ಆದ ಕೂಡಲೇ ಅದೇ ಅನುಪಾತದಲ್ಲಿ ರ‍್ಯಾಮು 1020ಕ್ಕೆ ಏರಿತು. 800ಕ್ಕೆಂದು ಮಾಡಿದ ಪಟ್ಟಿಯನ್ನು, ಮುಟ್ಟಿಯೇ ಇಲ್ಲ ಎನ್ನುವ ಹುಡುಗ, ಕಾಲುಭಾಗಕ್ಕಿಂತ ಹೆಚ್ಚು ಓಡಿಸುತ್ತಿದ್ದ. ಪ್ರೊಸೆಸರು ತಣ್ಣಗೆ ತನ್ನ ಕೆಲಸ ಮಾಡುತ್ತಿದ್ದಿರಬೇಕು. ಹಿಟ್ಟು ಸುಡುತ್ತಿದ್ದದ್ದು ಪಕ್ಕದ ಕಲ್ಲಿನಲ್ಲಿ.

ಆಮೇಲೆ ಏನಾಯಿತೆಂದು ಅವನು ಹೇಳದೆಯೇ ಗೊತ್ತಾಗುತ್ತಿತ್ತು. ಕಂಪ್ಯೂಟರ್ ಒಮ್ಮೆ ನೀಲಿ ಪರದೆ ತೋರಿಸಿತು. ಪ್ರೊಸೆಸರಿಗೆ ಶಕ್ತಿ ಸಾಲುತ್ತಿಲ್ಲ ಎಂದುಕೊಂಡು ವೋಲ್ಟೇಜ್ ಏರಿಸಿದ. ಮತ್ತೆ ನೀಲಿ, ಮತ್ತೆ ವೋಲ್ಟೇಜು. ಜ್ವರ ಬಂದದ್ದು ಮಗುವಿಗೆ, ಗುಳಿಗೆ ನುಂಗಿದ್ದು ಅಪ್ಪ.

ವೋಲ್ಟೇಜಿನ ಲೆಕ್ಕವೂ ಕೆಲವರಿಗೆ ಗೊತ್ತಿಲ್ಲ. ಚಿಪ್ಪು ತಿನ್ನುವ ವಿದ್ಯುತ್ತು ವೇಗಕ್ಕೆ ನೇರವಾಗಿ ಏರುತ್ತದೆ, ವೋಲ್ಟೇಜಿನ ವರ್ಗಕ್ಕೆ ಏರುತ್ತದೆ. 1.25ರಿಂದ 1.45 ಅಂದರೆ 1.16 ಪಟ್ಟು, ಅದರ ವರ್ಗ ಸುಮಾರು 1.35. ಅದಕ್ಕೆ ವೇಗದ 1.275 ಪಟ್ಟು ಗುಣಿಸಿ: 1.7. 95 ವ್ಯಾಟಿನ ಲೆಕ್ಕದಲ್ಲಿ ಮಾಡಿದ ಚಿಪ್ಪು ಅಂದಾಜು 160ರ ಹತ್ತಿರ ಬರುತ್ತದೆ. ಚಿಪ್ಪಿನ ಜೊತೆ ಬಂದ ಫ್ಯಾನು ಅದನ್ನು ತಡೆಯುವುದಿಲ್ಲ. ತಡೆಯದಿದ್ದರೆ ಚಿಪ್ಪು ತನ್ನ ಜೀವ ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಆಗ ಓವರ್‌ಕ್ಲಾಕ್ ಮಾಡಿದ ಕಂಪ್ಯೂಟರ್ ಮಾಡದ್ದಕ್ಕಿಂತ ನಿಧಾನ!

ಎಲ್ಲ ಹೇಳಿದ ಮೇಲೂ ಹುಡುಗ ಕೇಳಿದ: "ಆದ್ರೂ ಆನ್ ಆಗ್ತಲ ಅಣ್ಣಾ? ರ‍್ಯಾಮ್ ತಪ್ಪಿದ್ರೆ ಆನೇ ಆಗ್ತಿತ್ತಿಲ್ಲೆ."

ಇಲ್ಲಿಯೇ ಎಲ್ಲರೂ ಜಾರುವುದು. ಹೆಚ್ಚು ಓಡಿಸಿದ ರ‍್ಯಾಮು ಸತ್ತು ಬೀಳುವುದಿಲ್ಲ. ಲಕ್ಷ ಸಲ ಸರಿ ಹೇಳಿ ಒಂದು ಸಲ ಸುಳ್ಳು ಹೇಳುತ್ತದೆ. ಸೊನ್ನೆ ಇರಬೇಕಾದಲ್ಲಿ ಒಂದು ಎನ್ನುತ್ತದೆ. ನಮ್ಮ ಮನೆಗಳ ಸಾಮಾನ್ಯ ರ‍್ಯಾಮಿನಲ್ಲಿ ಅದನ್ನು ಹಿಡಿಯುವ ಪಹರೆ ಯಾವುದೂ ಇಲ್ಲ. ವಿಂಡೋಸ್ ಹಾಕುವಾಗ ಪ್ರತಿ ಫೈಲೂ ಪೆನ್‌ಡ್ರೈವಿನಿಂದ ರ‍್ಯಾಮಿಗೆ ಬಂದು, ಅಲ್ಲಿಂದ ಡಿಸ್ಕಿಗೆ ಹೋಗುತ್ತದೆ. ಆ ದಾರಿಯಲ್ಲಿ ಒಂದು ಅಕ್ಷರ ತಪ್ಪಿದರೆ ಡಿಸ್ಕಿನಲ್ಲಿ ಶಾಶ್ವತವಾಗಿ ಕೂರುವುದು ತಪ್ಪಿದ ಅಕ್ಷರವೇ. ಅವನು ನಾಲ್ಕು ಸಲ ಹಾಕಿದ ವಿಂಡೋಸ್ ಆಮೇಲೆ ಹಾಳಾದದ್ದಲ್ಲ, ಹಾಕುವಾಗಲೇ ಹಾಳಾಗಿತ್ತು. ವಿಂಡೋಸ್ ಹೋದರೆ ಮತ್ತೆ ಹಾಕಬಹುದು. ಅದೇ ದಾರಿಯಲ್ಲಿ ಹೋದ ಅಕ್ಕನ ಮದುವೆ ಫೋಟೋ, ಅಪ್ಪನ ಅಡಿಕೆ ಲೆಕ್ಕ? ಹಾಗಾಗಿ ಮನೆಯ ಲೆಕ್ಕಪತ್ರ ಇರುವ ಕಂಪ್ಯೂಟರಿನಲ್ಲಿ ಈ ಆಟ ಬೇಡವೆಂದು ನಾನು ಹೇಳುವುದು. ಆಡಲೇಬೇಕಿದ್ದರೆ ಬೇರೆ ಡಿಸ್ಕ್ ಹಾಕಿಕೊಂಡು ಆಡಿ.

ಬಯ್ಯುವ ಅಧಿಕಾರ ನನಗೆ ಬಂದದ್ದು ಪೆಟ್ಟು ತಿಂದು. ನಾನು ಕೆಲಸ ಕಲಿಯುತ್ತಿದ್ದಾಗ ಸೆಲೆರಾನ್ 300ಎ ಎಂಬ ಚಿಪ್ಪಿನದೇ ಸುದ್ದಿ. 1998ರಲ್ಲಿ ಬಂದದ್ದು. ಬಸ್ಸು 66, ಮಲ್ಟಿಪ್ಲೈಯರ್ 4.5, ಒಟ್ಟು 300 ಮೆಗಾಹರ್ಟ್ಸ್. ಬಸ್ಸನ್ನು 100 ಮಾಡಿದರೆ 450. ಬಹಳಷ್ಟು ಚಿಪ್ಪುಗಳು ತಕರಾರಿಲ್ಲದೆ ಓಡುತ್ತಿದ್ದವು. ನನಗೆ ಭಯ. ಒಮ್ಮೆಲೇ ನೂರು ಬೇಡ, ನಡುವೆ 83 ಇದೆಯಲ್ಲ, ಅದನ್ನು ಇಟ್ಟು ನೋಡೋಣ ಎಂದುಕೊಂಡೆ. ಕಂಪ್ಯೂಟರ್ ಆನ್ ಆಯಿತು. ವಾರದೊಳಗೆ ಹಾರ್ಡ್‌ಡಿಸ್ಕಿನಲ್ಲಿದ್ದದ್ದೆಲ್ಲ ಕಲಸಿದ ಅನ್ನ.

ಕಾರಣ ತಿಳಿಯಲು ನನಗೆ ತಿಂಗಳುಗಳೇ ಬೇಕಾದವು. ಪಿಸಿಐ ಓಡಬೇಕಾದದ್ದು 33ರಲ್ಲಿ. ಬಸ್ಸು 66 ಇದ್ದಾಗ ಬೋರ್ಡು ಅದನ್ನು ಎರಡರಿಂದ ಭಾಗಿಸುತ್ತದೆ: 33. ಬಸ್ಸು 100 ಆದಾಗ ಮೂರರಿಂದ ಭಾಗಿಸುತ್ತದೆ: ಮತ್ತೆ 33. ಆದರೆ 83ಕ್ಕೆ ಎರಡರಿಂದಲೇ ಭಾಗಿಸುತ್ತಿತ್ತು: 41.5. ಆ ಬೋರ್ಡಿನಲ್ಲಿ ಹಾರ್ಡ್‌ಡಿಸ್ಕ್ ಕಂಟ್ರೋಲರಿಗೆ ಅದೇ ಗಡಿಯಾರ. ಧೈರ್ಯ ಮಾಡಿ ನೂರಕ್ಕೆ ಹೋದವನ ಡಿಸ್ಕು ಉಳಿಯಿತು, ಹೆದರಿ ನಡುವೆ ನಿಂತ ನನ್ನದು ಹೋಯಿತು. "ಸ್ವಲ್ಪವೇ ಏರಿಸಿದ್ದೇನೆ, ಏನೂ ಆಗೋದಿಲ್ಲ" ಎಂದು ಯಾರಾದರೂ ಹೇಳಿದರೆ ನನಗೆ ಆ 83 ನೆನಪಾಗುತ್ತದೆ.

ಪಿ35, ಪಿ45ರಂಥ ಬೋರ್ಡುಗಳಲ್ಲಿ ಈ ಬೆಲ್ಟನ್ನು ಶಾಫ್ಟಿನಿಂದ ಬಿಡಿಸಿಡಬಹುದು. ಪಿಸಿಐ ಎಕ್ಸ್‌ಪ್ರೆಸ್ ಎದುರಿಗೆ "ಆಟೋ" ಬಿಡದೆ ಕೈಯಿಂದಲೇ 100 ಎಂದು ಬರೆಯಿರಿ. ಪಿಸಿಐಗೆ ಬೀಗ ಹಾಕುವ ಸಾಲಿದ್ದರೆ 33.3. ಇದು ಮೊದಲ ಕೆಲಸ, ಎಫ್‌ಎಸ್‌ಬಿ ಮುಟ್ಟುವ ಮುಂಚೆ. ಅಂಥ ಸಾಲೇ ಇಲ್ಲದ ಆಫೀಸು ಕಂಪ್ಯೂಟರಿನ ಬೋರ್ಡುಗಳಲ್ಲಿ ಯಾರೋ ಹೇಳಿದರೆಂದು ಸಾಫ್ಟ್‌ವೇರಿನಿಂದ ಬಸ್ಸು ಏರಿಸಲು ಹೋಗಬೇಡಿ, ನಾನಂತೂ ಹೋಗುವುದಿಲ್ಲ.

ಹುಡುಗನ ಬೋರ್ಡಿಗೆ ನಾನು ಮಾಡಿದ್ದು ಹೀಗೆ. ವೋಲ್ಟೇಜ್ ಮೊದಲಿನ 1.25ಕ್ಕೆ ಇಳಿಸಿದೆ. ರ‍್ಯಾಮಿನ ಅನುಪಾತ 1:1. ಬಸ್ಸು 333. ಆಗ ರ‍್ಯಾಮು 667ರಲ್ಲಿ, ತನ್ನ ಯೋಗ್ಯತೆಗಿಂತ ಕೆಳಗೇ ಓಡುತ್ತದೆ. "ರ‍್ಯಾಮ್ ಸ್ಲೋ ಆಗ್ತಲ" ಎಂದು ಅವನ ಮುಖ ಬಾಡಿತು. ಆಗಲಿ, ಅದನ್ನು ಕೊನೆಗೆ ನೋಡಿಕೊಳ್ಳಬಹುದು. ಇನ್ನು ಮುಖ್ಯವಾದದ್ದು: ಪ್ರೊಸೆಸರಿನ ಮಲ್ಟಿಪ್ಲೈಯರನ್ನು 9ರಿಂದ 6ಕ್ಕೆ ಇಳಿಸಿದೆ. 333ರ ಆರು ಪಟ್ಟು ಅಂದರೆ 2.0 ಗಿಗಾಹರ್ಟ್ಸ್, ಕಂಪನಿ ಕೊಟ್ಟ ವೇಗಕ್ಕಿಂತ ಕಡಿಮೆ. ಈಗ ತೊಂದರೆ ಬಂದರೆ ತಪ್ಪು ಪ್ರೊಸೆಸರಿನ ವೇಗದ್ದಲ್ಲ, ಬಸ್ಸಿನದು ಅಥವಾ ರ‍್ಯಾಮಿನದು. ಒಂದೊಂದೇ ಬೆಲ್ಟು ಕಳಚಿ ಯಾವುದು ಕಿರುಗುಡುತ್ತದೆ ಎಂದು ಕೇಳುವುದು ಅಂದರೆ ಇದೇ.

ರಾತ್ರಿ ರ‍್ಯಾಮಿನ ತಪ್ಪು ಹುಡುಕುವ ಮೆಮ್‌ಟೆಸ್ಟ್86+ ಪೆನ್‌ಡ್ರೈವ್ ಚುಚ್ಚಿ ಮನೆಗೆ ಹೋದೆ. ಬೆಳಿಗ್ಗೆ ಬಂದಾಗ ತಪ್ಪು ಸೊನ್ನೆ. ಒಂದೇ ಒಂದು ತಪ್ಪು ಬಂದರೂ ನನ್ನ ಲೆಕ್ಕದಲ್ಲಿ ಫೇಲು, "ಒಂದೇ ಅಲ್ದಾ" ಎಂಬುದಕ್ಕೆ ಇಲ್ಲಿ ಜಾಗವಿಲ್ಲ. ಆಮೇಲೆ ಮಲ್ಟಿಪ್ಲೈಯರ್ ಮತ್ತೆ 9, ಅಂದರೆ 3.0. ವಿಂಡೋಸ್ ಐದನೇ ಸಲ, ಮೇಲೆ ಪ್ರೈಮ್95. ಅದು ದೊಡ್ಡ ದೊಡ್ಡ ಅವಿಭಾಜ್ಯ ಸಂಖ್ಯೆ ಹುಡುಕುವವರ ಪ್ರೋಗ್ರಾಮು; ತನ್ನ ಲೆಕ್ಕವನ್ನು ಗೊತ್ತಿರುವ ಉತ್ತರದ ಜೊತೆ ಹೋಲಿಸಿ ನೋಡುತ್ತದೆ, ಹಾಗಾಗಿ ಕಂಪ್ಯೂಟರ್ ನಿಲ್ಲುವ ಮೊದಲೇ ಸುಳ್ಳನ್ನು ಹಿಡಿಯುತ್ತದೆ. ಅದು ಇಪ್ಪತ್ತು ನಿಮಿಷಕ್ಕೆ ತಪ್ಪು ತೋರಿಸಿತು. ಈಗ, ಈಗ ಮಾತ್ರ, ವೋಲ್ಟೇಜ್ ಮುಟ್ಟಿದೆ: 1.3. ಸಂಜೆಯವರೆಗೆ ಓಡಿತು. ಅವನ 1.45 ಎಲ್ಲಿ, ಇದೆಲ್ಲಿ!

ಒಂದು ಮಾತು ಬಿಟ್ಟುಹೋಗಿತ್ತು. ಸುಮ್ಮನಿದ್ದಾಗ, ಚಿಪ್ಪಿನ ವೇಗ ಹೇಳುವ ಸಿಪಿಯು-ಝಡ್ ಪ್ರೋಗ್ರಾಮು 2.0 ತೋರಿಸುತ್ತದೆ ಎಂದು ಫೋನ್ ಮಾಡಬೇಡಿ. ಕೆಲಸ ಇಲ್ಲದಾಗ ಚಿಪ್ಪು ತಾನೇ ಮಲ್ಟಿಪ್ಲೈಯರ್ 6ಕ್ಕೆ ಇಳಿಸಿಕೊಂಡು ವಿಶ್ರಾಂತಿ ತೆಗೆದುಕೊಳ್ಳುತ್ತದೆ.

ಏಪ್ರಿಲಿನಲ್ಲಿ ಅವನಿಂದಲೇ ಫೋನು, ಅಂಕೋಲೆಯಿಂದ. ರಜೆಗೆ ಮಾವನ ಮನೆಗೆ ಕಂಪ್ಯೂಟರ್ ಸಮೇತ ದೇವಿಮನೆ ಘಟ್ಟ ಇಳಿದಿದ್ದ. ಆಟದ ನಡುವೆ ನಿಂತುಹೋಗುತ್ತಿತ್ತು. ನಾನು ಪರೀಕ್ಷೆ ಮಾಡಿದ್ದು ಶಿರಸಿಯ ಜುಲೈಯಲ್ಲಿ, ಕೋಣೆ 22 ಡಿಗ್ರಿ ಇದ್ದಾಗ. ಕರಾವಳಿಯ ಏಪ್ರಿಲಿನಲ್ಲಿ ಕೋಣೆಯೇ 34. ಫ್ಯಾನು ಚಿಪ್ಪನ್ನು ತಣ್ಣಗೆ ಮಾಡುವುದಿಲ್ಲ, ಚಿಪ್ಪಿನ ಬಿಸಿಯನ್ನು ಕೋಣೆಗೆ ಸಾಗಿಸುತ್ತದೆ ಅಷ್ಟೇ. ಕೋಣೆ 12 ಡಿಗ್ರಿ ಏರಿದರೆ ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ತಪ್ಪು ನನ್ನದೂ ಹೌದು, ಮೊದಲೇ ಹೇಳಬೇಕಿತ್ತು. ಘಟ್ಟದ ಮೇಲೆ ಪಾಸಾದದ್ದು ಕೆಳಗೆ ಪಾಸಾಗಬೇಕೆಂದಿಲ್ಲ. ಕಾರವಾರ, ಅಂಕೋಲೆ, ಕುಮಟೆಯವರಿಗೆ ಮತ್ತೊಂದು ಕಾಟ ಉಪ್ಪುಗಾಳಿಯದು. ರ‍್ಯಾಮಿನ ಕಾಲುಗಳು ಮಂಕಾಗುತ್ತವೆ. ತಪ್ಪು ಬಂದಾಗ ಮೊದಲು ರ‍್ಯಾಮು ಕಳಚಿ, ಕಾಲುಗಳನ್ನು ರಬ್ಬರಿನಿಂದ ಒರೆಸಿ, ಮತ್ತೆ ಕೂರಿಸಿ. ಮದರ್‌ಬೋರ್ಡಿನ ಕೆಪಾಸಿಟರುಗಳ ತಲೆ ಉಬ್ಬಿದೆಯೇ ನೋಡಿ. ಉಬ್ಬಿದ್ದರೆ ಓವರ್‌ಕ್ಲಾಕ್ ಮಾತೇ ಬೇಡ.

ಅವನಿಗೆ ಬಸ್ಸು 300ಕ್ಕೆ ಇಳಿಸಲು ಹೇಳಿದೆ. 2.7. "ಅಷ್ಟೇಯಾ?" ಎಂದ. ಅಷ್ಟೇ. ನಿಜ ಹೇಳಬೇಕೆಂದರೆ ಅವನ ಹಳೇ ಹಾರ್ಡ್‌ಡಿಸ್ಕ್ ತೆಗೆದು ಒಂದು ಸಣ್ಣ ಎಸ್‌ಎಸ್‌ಡಿ ಹಾಕಿದ್ದರೆ ಈ ಎಲ್ಲ ಮೆಗಾಹರ್ಟ್ಸಿಗಿಂತ ಹೆಚ್ಚು ವ್ಯತ್ಯಾಸ ಕಾಣುತ್ತಿತ್ತು. ಆದರೆ ಅದರಲ್ಲಿ ಮಜಾ ಏನಿದೆ? ಹದಿನೆಂಟು ವರ್ಷದವನಿಗೆ ನಾನು ಅದನ್ನು ಹೇಳಲು ಹೋಗಲಿಲ್ಲ.

ಮೊನ್ನೆ ಮತ್ತೆ ಬಂದಿದ್ದ. ಯಾರೋ ಐ5-2400 ಇರುವ ಎಚ್61 ಬೋರ್ಡು ಕೊಟ್ಟಿದ್ದಾರಂತೆ, ಇದನ್ನೂ ಏರಿಸುವುದು ಹೇಗೆ ಎಂದು ಕೇಳಿದ. 2011ರಲ್ಲಿ ಬಂದ ಈ ತಲೆಮಾರಿನಲ್ಲಿ ಇಂಟೆಲ್ ಎಲ್ಲ ಬೆಲ್ಟುಗಳನ್ನೂ ಒಂದೇ 100ರ ಗಡಿಯಾರಕ್ಕೆ ಬಿಗಿದಿದೆ, ಬಿಡಿಸಲು ಬರುವುದಿಲ್ಲ. ಮಲ್ಟಿಪ್ಲೈಯರ್ ಪೂರ್ತಿ ಬಿಚ್ಚಿರುವುದು ಹೆಸರಿನ ಕೊನೆಗೆ ಕೆ ಇದ್ದವಕ್ಕೆ ಮಾತ್ರ. ಬಸ್ಸನ್ನು ನಾಲ್ಕೈದು ಮೆಗಾಹರ್ಟ್ಸ್ ಏರಿಸುವುದರೊಳಗೆ ಎಲ್ಲಾದರೂ ಎಡವುವ ಸಂಭವವೇ ಹೆಚ್ಚು ಎಂದು ವಿವರಿಸಿದೆ. ಪೂರ್ತಿ ಕೇಳಿಸಿಕೊಂಡ. ಸ್ವಲ್ಪ ಹೊತ್ತು ಸುಮ್ಮನಿದ್ದ.

"ಹಂಗಾರೆ 103 ಇಟ್ಟು ನೋಡ್ಲಾ ಅಣ್ಣಾ?"

ನಾನು ಡ್ರಾಯರ್ ಎಳೆದು ಮೆಮ್‌ಟೆಸ್ಟಿನ ಪೆನ್‌ಡ್ರೈವ್ ತೆಗೆದು ಅವನ ಕೈಯಲ್ಲಿಟ್ಟೆ. ಸೋಮವಾರದೊಳಗೆ ವಾಪಸ್ ತಂದುಕೊಡಬೇಕು ಎಂದೆ.