ಡಿಜಿಟಲ್ ಸಹಿ ವ್ಯವಸ್ಥೆಯ ಆಯ್ಕೆ: ಪರಿಶೀಲಿಸುವವರ ಕಡೆಯಿಂದ ಒಂದು ನೋಟ

ಡಿಜಿಟಲ್ ಸಹಿಯ ವ್ಯವಸ್ಥೆಯನ್ನು ಕೊಳ್ಳಲು ಹೊರಟ ಸಂಸ್ಥೆಗಳು ಪ್ರಾತ್ಯಕ್ಷಿಕೆಯಲ್ಲಿ ಗಮನಿಸುವುದು ಸಾಮಾನ್ಯವಾಗಿ ಸಹಿ ಹಾಕುವ ಕ್ಷಣವನ್ನು ಮಾತ್ರ. ಪೂರೈಕೆದಾರರ ಪ್ರತಿನಿಧಿ ಮೊಬೈಲಿನಲ್ಲಿ ಕಡತ ತೆರೆಯುತ್ತಾರೆ, ಬೆರಳಿನಿಂದ ಗೀಚುತ್ತಾರೆ, ಕೂಡಲೇ ಎಲ್ಲರ ಇಮೇಲಿಗೂ ಪ್ರತಿ ಬಂದು ಬೀಳುತ್ತದೆ, ಸಭೆ ತಲೆದೂಗುತ್ತದೆ. ಆ ಸಹಿಯ ನಿಜವಾದ ಪರೀಕ್ಷೆ ನಡೆಯುವುದು ಬಹಳ ದಿನಗಳ ನಂತರ, ಯಾರಾದರೂ ಎದ್ದು ‘ಇದಕ್ಕೆ ನಾನು ಸಹಿ ಹಾಕಿಲ್ಲ’ ಎಂದೋ, ‘ನಾನು ಸಹಿ ಹಾಕಿದಾಗ ಈ ಷರತ್ತು ಇರಲಿಲ್ಲ’ ಎಂದೋ ಹೇಳಿದಾಗ. ಆದ್ದರಿಂದ ಸಲಹೆ ಕೇಳಿ ಬರುವ ಸಂಸ್ಥೆಗಳಿಗೆ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಈ ಕಡತವನ್ನು ಹತ್ತು ವರ್ಷಗಳ ನಂತರ, ಇವತ್ತಿನ ಪೂರೈಕೆದಾರರು ವ್ಯವಹಾರ ಮುಚ್ಚಿಕೊಂಡು ಹೋಗಿರುವಾಗ, ಎದುರು ಪಕ್ಷದ ವಕೀಲರು ತಮ್ಮ ಕಂಪ್ಯೂಟರಿನಲ್ಲಿ ತೆರೆದರೆ ಅವರಿಗೆ ಏನು ಕಾಣಿಸುತ್ತದೆ? ಆಯ್ಕೆಯ ಉಳಿದೆಲ್ಲ ಅಂಶಗಳನ್ನು ಈ ಪ್ರಶ್ನೆಯಿಂದಲೇ ಬಿಡಿಸಿಕೊಳ್ಳಬಹುದು.

ಮಾರುಕಟ್ಟೆಯಲ್ಲಿ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತಿವೆ. ಒಂದರಲ್ಲಿ ಪರದೆಯ ಮೇಲೆ ಗೀಚಿದ ಅಥವಾ ಟೈಪ್ ಮಾಡಿದ ಹೆಸರನ್ನು ಕಡತಕ್ಕೆ ಅಂಟಿಸಿ, ಯಾವ ಇಮೇಲಿಗೆ ಕೊಂಡಿ ಹೋಯಿತು, ಯಾವ ಐಪಿ ವಿಳಾಸದಿಂದ ತೆರೆಯಲಾಯಿತು, ಒಟಿಪಿ ಯಾವಾಗ ನಮೂದಾಯಿತು ಎಂಬ ಆಡಿಟ್ ಟ್ರೇಲನ್ನು ಪೂರೈಕೆದಾರರೇ ದಾಖಲಿಸಿಟ್ಟುಕೊಳ್ಳುತ್ತಾರೆ. ಇನ್ನೊಂದರಲ್ಲಿ ಕಡತದ ಹ್ಯಾಶ್ ಮೌಲ್ಯವನ್ನು (ಕಡತದ ಒಂದಕ್ಷರ ಬದಲಾದರೂ ಬದಲಾಗುವ ಗಣಿತದ ಬೆರಳಚ್ಚು) ಲೆಕ್ಕ ಹಾಕಿ, ಸಹಿದಾರರ ಹಿಡಿತದಲ್ಲಿ ಮಾತ್ರ ಇರಬೇಕಾದ ಗುಪ್ತ ಸಂಖ್ಯೆಯಾದ ಖಾಸಗಿ ಕೀಯಿಂದ ಅದಕ್ಕೆ ಗಣಿತದ ಮುದ್ರೆ ಒತ್ತಲಾಗುತ್ತದೆ; ಆ ಕೀಗೆ ಜೋಡಿಯಾದ, ಸಹಿಯನ್ನು ಪರಿಶೀಲಿಸಲು ಯಾರು ಬೇಕಾದರೂ ಬಳಸಬಹುದಾದ ಸಾರ್ವಜನಿಕ ಕೀ ಯಾರಿಗೆ ಸೇರಿದ್ದು ಎಂಬುದನ್ನು ಪ್ರಮಾಣೀಕರಣ ಪ್ರಾಧಿಕಾರ ನೀಡಿದ ಸರ್ಟಿಫಿಕೇಟ್ ಹೇಳುತ್ತದೆ. ಮೊದಲನೆಯದರಲ್ಲಿ ಸಾಕ್ಷ್ಯವೆಲ್ಲ ಪೂರೈಕೆದಾರರ ಸರ್ವರಿನಲ್ಲಿ ಇರುತ್ತದೆ, ಎರಡನೆಯದರಲ್ಲಿ ಕಡತದೊಳಗೇ ಇರುತ್ತದೆ. ಅನೇಕ ಸೇವೆಗಳು ಇವೆರಡನ್ನೂ ಬೆರೆಸಿ, ಸಹಿದಾರರ ಗೀಚಿನ ಮೇಲೆ ತಮ್ಮದೇ ಸಂಸ್ಥೆಯ ಸರ್ಟಿಫಿಕೇಟಿನಿಂದ ಮುದ್ರೆ ಒತ್ತುತ್ತವೆ. ಅಂಥ ಕಡತದ ಸಹಿಯ ವಿವರ ತೆರೆದು ನೋಡಿದರೆ ‘ಸಹಿ ಮಾಡಿದವರು’ ಎಂಬಲ್ಲಿ ನಿಮ್ಮ ಗ್ರಾಹಕರ ಹೆಸರಿನ ಬದಲು ಪೂರೈಕೆದಾರರ ಹೆಸರು ಇರುತ್ತದೆ. ಕಡತ ಆಮೇಲೆ ಬದಲಾಗಿಲ್ಲ ಎಂಬುದಕ್ಕೆ ಅದು ಒಳ್ಳೆಯ ಆಧಾರ. ಯಾರು ಒಪ್ಪಿದರು ಎಂಬುದಕ್ಕೆ ಮಾತ್ರ ಮತ್ತೆ ಆಡಿಟ್ ಟ್ರೇಲಿನ ಮೊರೆ ಹೋಗಬೇಕು.

ಮೊದಲನೆಯದು ಕಳಪೆ ಎಂದು ಇದರ ಅರ್ಥವಲ್ಲ. ಅಮೆರಿಕದ 2000ರ ಇ-ಸೈನ್ ಕಾಯಿದೆ ಯಾವ ತಂತ್ರಜ್ಞಾನ ಬಳಸಬೇಕೆಂದು ವಿಧಿಸುವುದಿಲ್ಲ. ಸಹಿ ಎಲೆಕ್ಟ್ರಾನಿಕ್ ಎಂಬ ಒಂದೇ ಕಾರಣಕ್ಕೆ ಅದನ್ನು ತಳ್ಳಿಹಾಕುವಂತಿಲ್ಲ ಎನ್ನುತ್ತದೆ. 2014ರಲ್ಲಿ ಅಂಗೀಕಾರವಾಗಿ 2016ರ ಜುಲೈಯಿಂದ ಅನ್ವಯವಾದ ಐರೋಪ್ಯ ಒಕ್ಕೂಟದ ಇ-ಐಡಾಸ್ ನಿಯಮವು ಸಾಧಾರಣ, ಮುಂದುವರಿದ ಮತ್ತು ಅರ್ಹ ಎಂಬ ಮೂರು ಸ್ತರಗಳನ್ನು ಗುರುತಿಸಿ, ಅರ್ಹ ಸಹಿಗೆ ಮಾತ್ರ ಕೈಬರಹದ ಸಹಿಗೆ ಸಮನಾದ ಕಾನೂನು ಪರಿಣಾಮವನ್ನು ನೇರವಾಗಿ ಕೊಡುತ್ತದೆ. ಭಾರತದ 2000ರ ಮಾಹಿತಿ ತಂತ್ರಜ್ಞಾನ ಕಾಯಿದೆ ಆರಂಭದಲ್ಲಿ ಕೀ ಜೋಡಿ ಆಧಾರಿತ ಡಿಜಿಟಲ್ ಸಹಿಯನ್ನಷ್ಟೇ ಗುರುತಿಸಿತ್ತು, 2008ರ ತಿದ್ದುಪಡಿಯ ನಂತರ ಅನುಸೂಚಿಯಲ್ಲಿ ಸೇರಿದ ಇತರ ಎಲೆಕ್ಟ್ರಾನಿಕ್ ವಿಧಾನಗಳಿಗೂ ಎಡೆ ಕೊಟ್ಟಿತು. ಉಯಿಲಿನಂಥ ಕೆಲವು ದಾಖಲೆಗಳನ್ನು ಹಲವು ದೇಶಗಳ ಕಾಯಿದೆಗಳು ಹೊರಗೇ ಇಟ್ಟಿವೆ. ಹೀಗಿರುವುದರಿಂದ, ‘ನಮ್ಮ ಉತ್ಪನ್ನ ಎಲ್ಲ ದೇಶಗಳಲ್ಲೂ ಕಾನೂನುಬದ್ಧ’ ಎಂಬ ಮಾರಾಟದ ಮಾತನ್ನು ಒಪ್ಪುವ ಮೊದಲು, ನೀವು ಸಹಿ ಹಾಕಿಸಿಕೊಳ್ಳುವ ದಾಖಲೆಗಳ ಪಟ್ಟಿಯೊಂದನ್ನು ಮಾಡಿ, ಪ್ರತಿಯೊಂದರ ಎದುರು ಅದು ಯಾವ ನ್ಯಾಯವ್ಯಾಪ್ತಿಗೆ ಒಳಪಡುತ್ತದೆ, ಅದನ್ನು ಅಲ್ಲಗಳೆದರೆ ಆಗುವ ನಷ್ಟವೆಷ್ಟು, ಎಷ್ಟು ವರ್ಷ ಕಾಪಿಡಬೇಕು ಎಂಬುದನ್ನು ಬರೆದುಕೊಳ್ಳಬೇಕು. ರಜೆಯ ಅರ್ಜಿಗೂ ಸಾಲದ ಕರಾರಿಗೂ ಒಂದೇ ಬಗೆಯ ಸಹಿ ಬೇಕಿಲ್ಲ ಎಂಬುದು ಆ ಪಟ್ಟಿ ಮುಗಿಯುವ ಹೊತ್ತಿಗೆ ತಾನಾಗಿಯೇ ಸ್ಪಷ್ಟವಾಗಿರುತ್ತದೆ.

ಖಾಸಗಿ ಕೀ ಎಲ್ಲಿರುತ್ತದೆ, ಅದು ಯಾರ ಹಿಡಿತದಲ್ಲಿರುತ್ತದೆ ಎಂಬುದು ಆಯ್ಕೆಯಲ್ಲಿ ಅತಿ ಹೆಚ್ಚು ಸಮಯ ಬೇಡುವ ವಿಷಯ. ಯುಎಸ್‌ಬಿ ಟೋಕನ್ (ಕೀಯನ್ನು ಚಿಪ್ಪಿನಲ್ಲಿ ಹೊತ್ತ, ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ಸಾಧನ) ತಾತ್ವಿಕವಾಗಿ ಬಹಳ ಭದ್ರ: ಕೀ ಚಿಪ್ಪಿನಿಂದ ಹೊರಬರುವುದೇ ಇಲ್ಲ, ಸಹಿಯ ಲೆಕ್ಕಾಚಾರವೂ ಅದರೊಳಗೇ ನಡೆಯುತ್ತದೆ. ಆದರೆ ಕಚೇರಿಗಳಲ್ಲಿ ನಾನು ಕಾಣುವ ಟೋಕನ್ ಬೇರೆಯೇ ತೆರನಾದದ್ದು. ನಿರ್ದೇಶಕರ ಹೆಸರಿನ ಟೋಕನ್ ಲೆಕ್ಕಪತ್ರ ವಿಭಾಗದ ಡ್ರಾಯರಿನಲ್ಲಿರುತ್ತದೆ, ಪಿನ್ ಅದೇ ಟೋಕನಿನ ಬೆನ್ನಿಗೆ ಅಂಟಿಸಿದ ಚೀಟಿಯ ಮೇಲಿರುತ್ತದೆ, ತುರ್ತು ಇದ್ದಾಗ ಯಾರು ಹತ್ತಿರವಿದ್ದಾರೋ ಅವರೇ ನಿರ್ದೇಶಕರಾಗುತ್ತಾರೆ. ಇದನ್ನು ಶಿಸ್ತಿನ ಕೊರತೆ ಎಂದು ಬೈದು ಪ್ರಯೋಜನವಿಲ್ಲ. ದಿನಕ್ಕೆ ನೂರಾರು ಇನ್‌ವಾಯ್ಸ್‌ಗಳಿಗೆ ವ್ಯಕ್ತಿಯೊಬ್ಬರ ಟೋಕನ್ನೇ ಬೇಕು ಎಂದು ವ್ಯವಸ್ಥೆ ರೂಪಿಸಿದವರು ಈ ಅಡ್ಡದಾರಿಯನ್ನು ತಾವೇ ತೆರೆದುಕೊಟ್ಟಿರುತ್ತಾರೆ. ಅಂಥ ಕಡೆ ವ್ಯಕ್ತಿಯ ಸಹಿಯ ಬದಲು ಸಂಸ್ಥೆಯ ಹೆಸರಿನ ಸರ್ಟಿಫಿಕೇಟ್ ತೆಗೆದುಕೊಂಡು, ಕೀಯನ್ನು ಎಚ್‌ಎಸ್‌ಎಮ್ ಎಂದು ಕರೆಯುವ ಭದ್ರತಾ ಯಂತ್ರದಲ್ಲಿಟ್ಟು, ಯಾವ ತಂತ್ರಾಂಶ ಎಷ್ಟು ಹೊತ್ತಿಗೆ ಯಾವ ಕಡತಕ್ಕೆ ಮುದ್ರೆ ಕೇಳಿತು ಎಂಬುದನ್ನು ದಾಖಲಿಸುವುದು ಮೇಲು. ವ್ಯಕ್ತಿಯ ಒಪ್ಪಿಗೆಯೇ ಮುಖ್ಯವಾದ ಕರಾರುಗಳಿಗೆ ಮಾತ್ರ ವ್ಯಕ್ತಿಯ ಕೀ ಉಳಿಯಲಿ.

ಕೀಯನ್ನು ಪೂರೈಕೆದಾರರ ಎಚ್‌ಎಸ್‌ಎಮ್‌ನಲ್ಲಿಟ್ಟು ಮೊಬೈಲಿನಿಂದ ಅನುಮತಿ ಕೊಡುವ ಕ್ಲೌಡ್ ಸಹಿಯು ಡ್ರಾಯರಿನ ಸಮಸ್ಯೆಯನ್ನು ಬಹುಮಟ್ಟಿಗೆ ಬಗೆಹರಿಸುತ್ತದೆ. ಆಗ ಕೇಳಬೇಕಾದ ಪ್ರಶ್ನೆಗಳು ಬೇರೆ: ಆ ಯಂತ್ರಕ್ಕೆ ಎಫ್‌ಐಪಿಎಸ್ 140 ಅಥವಾ ಕಾಮನ್ ಕ್ರೈಟೀರಿಯಾ ಎಂಬ ಭದ್ರತಾ ಮಾನಕಗಳ ಪ್ರಮಾಣೀಕರಣ ಇದೆಯೇ, ಸಹಿದಾರರ ಅನುಮತಿಯಿಲ್ಲದೆ ಪೂರೈಕೆದಾರರ ಸಿಬ್ಬಂದಿ ಕೀಯನ್ನು ಬಳಸಬಲ್ಲರೇ, ಫೋನ್ ಕಳೆದುಹೋದರೆ ಹೊಸ ಫೋನಿಗೆ ಅನುಮತಿ ವರ್ಗಾಯಿಸುವಾಗ ಗುರುತಿನ ಪರಿಶೀಲನೆ ಮೊದಲಿನಷ್ಟೇ ಬಿಗಿಯಾಗಿರುತ್ತದೆಯೇ. ಕಡತ ಇಡಿಯಾಗಿ ಅವರ ಸರ್ವರಿಗೆ ಹೋಗುತ್ತದೆಯೋ ಅಥವಾ ಅದರ ಹ್ಯಾಶ್ ಮಾತ್ರ ಹೋಗುತ್ತದೆಯೋ ಎಂಬುದನ್ನೂ ಕೇಳಿ. ಹ್ಯಾಶ್ ಮಾತ್ರ ಸಾಕಾಗುವ ವಿನ್ಯಾಸವಿದ್ದರೆ ಗೋಪ್ಯತೆಯ ಅರ್ಧ ಚರ್ಚೆ ಅಲ್ಲಿಗೇ ಮುಗಿಯುತ್ತದೆ.

ಯಂತ್ರಾಂಶವನ್ನು ಕಣ್ಣುಮುಚ್ಚಿ ನಂಬಬಾರದು ಎಂಬುದಕ್ಕೆ 2017ರ ಎಸ್ಟೋನಿಯಾದ ಪ್ರಸಂಗ ಸಾಕು. ಅಲ್ಲಿನ ರಾಷ್ಟ್ರೀಯ ಗುರುತಿನ ಚೀಟಿಗಳ ಚಿಪ್ಪಿನಲ್ಲಿ ಕೀ ತಯಾರಿಸುವ ವಿಧಾನದ ದೋಷ ಪತ್ತೆಯಾಗಿ, ಏಳು ಲಕ್ಷಕ್ಕೂ ಹೆಚ್ಚು ಚೀಟಿಗಳು ಅಪಾಯಕ್ಕೆ ಸಿಲುಕಿದವು. ಆ ವರ್ಷದ ನವೆಂಬರಿನಲ್ಲಿ ಸರ್ಟಿಫಿಕೇಟ್‌ಗಳನ್ನು ಅಮಾನತಿನಲ್ಲಿಟ್ಟು ನವೀಕರಿಸಬೇಕಾಯಿತು. ಅದಕ್ಕೂ ಮೊದಲು, 2011ರಲ್ಲಿ, ನೆದರ್‌ಲ್ಯಾಂಡ್ಸ್‌ನ ಡಿಜಿನೋಟರ್ ಎಂಬ ಪ್ರಮಾಣೀಕರಣ ಪ್ರಾಧಿಕಾರದೊಳಗೆ ನುಸುಳಿದವರು ನಕಲಿ ಸರ್ಟಿಫಿಕೇಟ್‌ಗಳನ್ನು ಹೊರಡಿಸಿದ್ದರು, ಕೆಲವೇ ವಾರಗಳಲ್ಲಿ ಆ ಕಂಪನಿ ದಿವಾಳಿಯಾಯಿತು. ಎಸ್ಟೋನಿಯಾ ಹೊಸ ಕೀಗಳನ್ನು ದೂರದಿಂದಲೇ ನವೀಕರಿಸುವ ಏರ್ಪಾಡು ಮಾಡಿಕೊಂಡಿದ್ದರಿಂದ ಬಚಾವಾಯಿತು. ನಿಮ್ಮ ವ್ಯವಸ್ಥೆಯಲ್ಲಿ ಪ್ರಾಧಿಕಾರವನ್ನೋ ಕೀಗಳನ್ನೋ ಒಂದು ವಾರದೊಳಗೆ ಬದಲಿಸಬೇಕಾಗಿ ಬಂದರೆ ಏನೇನು ನಿಂತುಹೋಗುತ್ತದೆ ಎಂಬುದನ್ನು ಪೂರೈಕೆದಾರರಿಂದ ಬರಹದಲ್ಲಿ ಪಡೆಯಿರಿ.

ಇನ್ನು ಕಾಲದ ವಿಷಯ. ಸಹಿಯ ಸರ್ಟಿಫಿಕೇಟ್ ಸಾಮಾನ್ಯವಾಗಿ ಕೆಲವೇ ವರ್ಷ ಚಾಲ್ತಿಯಲ್ಲಿರುತ್ತದೆ, ಕರಾರು ಅದಕ್ಕಿಂತ ಬಹಳ ಹೆಚ್ಚು ಕಾಲ ಬದುಕುತ್ತದೆ. ಪಿಡಿಎಫ್ ಓದುವ ತಂತ್ರಾಂಶದಲ್ಲಿ ಸಹಿಯ ಮೇಲೆ ಕ್ಲಿಕ್ ಮಾಡಿ ವಿವರಗಳನ್ನು ಬಿಡಿಸಿದರೆ, ‘ಸಹಿಯ ಸಮಯವನ್ನು ಸಹಿದಾರರ ಕಂಪ್ಯೂಟರಿನ ಗಡಿಯಾರದಿಂದ ಪಡೆಯಲಾಗಿದೆ’ ಎಂಬರ್ಥದ ಸಾಲೊಂದು ಎಷ್ಟೋ ಕಡತಗಳಲ್ಲಿ ಕಾಣಿಸುತ್ತದೆ. ಕಂಪ್ಯೂಟರಿನ ಗಡಿಯಾರವನ್ನು ಯಾರು ಬೇಕಾದರೂ ಹಿಂದೆ ತಿರುಗಿಸಬಹುದಾದ್ದರಿಂದ, ಸರ್ಟಿಫಿಕೇಟ್ ರದ್ದಾದ ಮೇಲೆ ಹಾಕಿದ ಸಹಿಯನ್ನು ಅದಕ್ಕೂ ಮೊದಲೇ ಹಾಕಿದ್ದೆಂದು ತೋರಿಸುವುದೂ ಸಾಧ್ಯ. ಇದಕ್ಕೆ ಪರಿಹಾರವೇ, ಕಡತ ಇಂಥ ಹೊತ್ತಿಗೆ ಇತ್ತೆಂದು ದೃಢೀಕರಿಸುವ ಮೂರನೆಯವರ ಟೈಮ್‌ಸ್ಟಾಂಪ್. 2001ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 3161 ಎಂಬ ಅಂತರ್ಜಾಲ ಮಾನಕವು ಅದರ ವಿಧಾನವನ್ನು ನಿಗದಿಪಡಿಸಿದೆ. ಅದರ ಜೊತೆಗೆ, ಸಹಿ ಹಾಕಿದ ಹೊತ್ತಿನಲ್ಲಿ ಸರ್ಟಿಫಿಕೇಟ್ ರದ್ದಾಗಿರಲಿಲ್ಲ ಎಂಬುದಕ್ಕೆ ಪ್ರಾಧಿಕಾರ ಕೊಟ್ಟ ಉತ್ತರವನ್ನೂ ಕಡತದೊಳಗೇ ಸೇರಿಸಿಡಬೇಕು, ಏಕೆಂದರೆ ಹತ್ತು ವರ್ಷಗಳ ನಂತರ ಕೇಳಿದರೆ ಆ ಸರ್ವರ್ ಇರುತ್ತದೆಂಬ ಭರವಸೆಯಿಲ್ಲ. ಐರೋಪ್ಯ ಮಾನಕ ಸಂಸ್ಥೆ ಎಟ್ಸಿಯ ಪೇಡೆಸ್ ಮಾನಕವು ಪಿಡಿಎಫ್ ಸಹಿಗೆ ಇದನ್ನೇ ನಾಲ್ಕು ಮೆಟ್ಟಿಲುಗಳಾಗಿ ಜೋಡಿಸಿದೆ: ಬರಿಯ ಸಹಿ ಬಿ-ಬಿ, ಟೈಮ್‌ಸ್ಟಾಂಪ್ ಸೇರಿದರೆ ಬಿ-ಟಿ, ಪರಿಶೀಲನೆಯ ಸಾಮಗ್ರಿ ಕಡತದೊಳಗೆ ಬಂದರೆ ಬಿ-ಎಲ್‌ಟಿ, ಕಾಲಕಾಲಕ್ಕೆ ಮತ್ತೆ ಟೈಮ್‌ಸ್ಟಾಂಪ್ ಒತ್ತಿ ಕಾಪಾಡಿದರೆ ಬಿ-ಎಲ್‌ಟಿಎ. ದೀರ್ಘಕಾಲದ ದಾಖಲೆಗಳಿಗೆ ಬಿ-ಎಲ್‌ಟಿಗಿಂತ ಕೆಳಗಿನದನ್ನು ನಾನು ಶಿಫಾರಸು ಮಾಡುವುದಿಲ್ಲ. ಪೂರೈಕೆದಾರರಿಗೆ ಈ ಅಕ್ಷರಗಳೇ ಅಪರಿಚಿತವೆಂದು ತೋರಿದರೆ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸಬಹುದು.

ಪರೀಕ್ಷಾರ್ಥ ಬಳಕೆಯ ಅವಧಿಯಲ್ಲಿ ಸಂಸ್ಥೆಗಳು ಪರದೆಗಳ ಚೆಂದ ನೋಡುತ್ತಾ ಕಾಲ ಕಳೆಯುತ್ತವೆ. ಆ ಸಮಯವನ್ನು ಕಡತ ಕೆಡಿಸಿ ನೋಡುವುದಕ್ಕೆ ಬಳಸಿಕೊಳ್ಳಿ. ಸಹಿಯಾದ ಕಡತಕ್ಕೆ ಇನ್ನೊಂದು ತಂತ್ರಾಂಶದಲ್ಲಿ ಟಿಪ್ಪಣಿಯೊಂದನ್ನು ಸೇರಿಸಿ ಉಳಿಸಿ, ಅದನ್ನು ಮೂರು ನಾಲ್ಕು ಬೇರೆ ಬೇರೆ ಓದುವ ತಂತ್ರಾಂಶಗಳಲ್ಲಿ ತೆರೆದು, ಪ್ರತಿಯೊಂದೂ ಏನು ಹೇಳುತ್ತದೆ ಎಂಬುದನ್ನು ಬರೆದಿಡಿ. ಪಿಡಿಎಫ್ ರೂಪದಲ್ಲಿ ಸಹಿಯ ನಂತರವೂ ಕಡತದ ಕೊನೆಗೆ ಬದಲಾವಣೆಗಳನ್ನು ಸೇರಿಸಲು ಅವಕಾಶವಿದೆ, ಯಾವ ಬದಲಾವಣೆ ಸಲ್ಲುತ್ತದೆ ಎಂಬುದನ್ನು ನಿರ್ಧರಿಸುವುದು ಓದುವ ತಂತ್ರಾಂಶ. ಜರ್ಮನಿಯ ಬೋಖುಮ್ ರೂರ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಕಂಪ್ಯೂಟರಿನಲ್ಲಿ ಬಳಸುವ 22 ಪಿಡಿಎಫ್ ತಂತ್ರಾಂಶಗಳ ಪೈಕಿ 21ನ್ನು ಬದಲಾಯಿಸಿದ ಕಡತದಿಂದ ವಂಚಿಸಲು ಸಾಧ್ಯವಾಗಿತ್ತು. ತಯಾರಕರು ಆಮೇಲೆ ತಿದ್ದುಪಡಿಗಳನ್ನು ಹೊರತಂದರು. ಹಳೆಯ ಆವೃತ್ತಿಯಲ್ಲೇ ಉಳಿದ ಕಂಪ್ಯೂಟರ್‌ಗಳಿಗೆ ಅವು ತಲುಪಿರುವುದಿಲ್ಲ. ಒಂದೇ ಕಡತ ನಿಮ್ಮ ಯಂತ್ರದಲ್ಲಿ ಹಸಿರು ಗುರುತನ್ನೂ ಗ್ರಾಹಕರ ಯಂತ್ರದಲ್ಲಿ ‘ಸಿಂಧುತ್ವ ತಿಳಿದಿಲ್ಲ’ ಎಂಬ ಎಚ್ಚರಿಕೆಯನ್ನೂ ತೋರಿಸಬಹುದು. ಅದಕ್ಕೆ ಬಹುಪಾಲು ಕಾರಣ, ಪ್ರಾಧಿಕಾರದ ಮೂಲ ಸರ್ಟಿಫಿಕೇಟ್ ಆ ತಂತ್ರಾಂಶದ ನಂಬಿಕೆಯ ಪಟ್ಟಿಯಲ್ಲಿ ಇಲ್ಲದಿರುವುದು. ‘ಅದನ್ನು ನಂಬಿಕೆಯ ಪಟ್ಟಿಗೆ ನೀವೇ ಸೇರಿಸಿಕೊಳ್ಳಿ’ ಎಂದು ಸಾವಿರಾರು ಗ್ರಾಹಕರಿಗೆ ಹೇಳಿಕೊಡುವುದು ಪರಿಹಾರವಲ್ಲ, ಅದು ಅಪಾಯಕಾರಿ ಅಭ್ಯಾಸವೂ ಹೌದು.

ಬೆಲೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಲಕೋಟೆಗೆ (ಒಮ್ಮೆಗೆ ಸಹಿಗೆ ಕಳಿಸುವ ಕಡತಗಳ ಕಟ್ಟಿಗೆ) ಇಷ್ಟು, ಬಳಕೆದಾರರಿಗೆ ಇಷ್ಟು, ಸಹಿಗೆ ಇಷ್ಟು ಎಂಬ ಲೆಕ್ಕಗಳಲ್ಲಿ ನಿಮ್ಮ ಬಳಕೆಗೆ ಹೊಂದುವುದನ್ನು ಆರಿಸಿ, ಟೈಮ್‌ಸ್ಟಾಂಪಿಗೆ ಪ್ರತ್ಯೇಕ ಶುಲ್ಕವಿದೆಯೇ ಎಂದು ನೋಡಿದರೆ ಸಾಕು. ನಿಮ್ಮ ತಂತ್ರಾಂಶವನ್ನು ತಮ್ಮ ಸೇವೆಗೆ ಜೋಡಿಸುವ ಎಪಿಐ ಇದೆ ಎಂದು ಎಲ್ಲರೂ ಹೇಳುತ್ತಾರೆ. ಅದು ವೈಫಲ್ಯವನ್ನು ಹೇಗೆ ತಿಳಿಸುತ್ತದೆ, ಅರ್ಧಕ್ಕೆ ನಿಂತ ಸಹಿಯ ಕಡತ ಯಾವ ಸ್ಥಿತಿಯಲ್ಲಿ ಉಳಿಯುತ್ತದೆ ಎಂಬುದನ್ನು ನಿಮ್ಮ ಎಂಜಿನಿಯರ್‌ಗಳು ಒಮ್ಮೆ ಕೈಯಾರೆ ಪರೀಕ್ಷಿಸಲಿ.

ಹ್ಯಾಶನ್ನೂ ಸಹಿಯನ್ನೂ ಲೆಕ್ಕ ಹಾಕುವ ಕ್ರಮವಿಧಿಗಳಿಗೂ (ಅಲ್ಗಾರಿದಮ್) ವಯಸ್ಸಾಗುತ್ತದೆ. 2017ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಸಂಸ್ಥೆ ಮತ್ತು ಗೂಗಲ್ ಸೇರಿ ಒಂದೇ ಎಸ್‌ಎಚ್‌ಎ-1 ಹ್ಯಾಶ್ ಇರುವ ಎರಡು ಬೇರೆ ಬೇರೆ ಪಿಡಿಎಫ್‌ಗಳನ್ನು ಸೃಷ್ಟಿಸಿ ತೋರಿಸಿದ ಮೇಲೆ, ಆ ಹ್ಯಾಶ್ ಬಳಸಿ ಹೊಸ ಸಹಿ ಹಾಕುವ ಉತ್ಪನ್ನವನ್ನು ಪರಿಗಣಿಸುವ ಪ್ರಶ್ನೆಯೇ ಇಲ್ಲ. ಈಗ ಎದುರಿಗಿರುವುದು, ಇಂದಿನ ಸಹಿಗಳ ಗಣಿತವನ್ನು ಮುರಿಯಬಲ್ಲ ಕ್ವಾಂಟಮ್ ಕಂಪ್ಯೂಟರಿನ ಸಾಧ್ಯತೆ. ಅದನ್ನು ತಾಳಿಕೊಳ್ಳುವಂಥ ಎಮ್‌ಎಲ್-ಡಿಎಸ್‌ಎ ಮತ್ತು ಎಸ್‌ಎಲ್‌ಎಚ್-ಡಿಎಸ್‌ಎ ಸಹಿ ಮಾನಕಗಳನ್ನು ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2024ರ ಆಗಸ್ಟಿನಲ್ಲಿ ಪ್ರಕಟಿಸಿದೆ. ಇವತ್ತೇ ಅವನ್ನು ಬಳಸಬೇಕೆಂದು ನಾನು ಒತ್ತಾಯಿಸುವುದಿಲ್ಲ. ಆದರೆ ಮೂವತ್ತು ವರ್ಷ ಉಳಿಯಬೇಕಾದ ದಾಖಲೆಗಳಿರುವ ಸಂಸ್ಥೆಯು ಒಪ್ಪಂದದಲ್ಲಿ ಎರಡು ಕಲಮುಗಳನ್ನು ಬರೆಸಿಕೊಳ್ಳಬೇಕು: ಹೊಸ ಕ್ರಮವಿಧಿಗೆ ಬದಲಾಗುವಾಗ ಹಳೆಯ ಕಡತಗಳಿಗೆ ಹೊಸ ಟೈಮ್‌ಸ್ಟಾಂಪಿನ ರಕ್ಷಣೆ ಒದಗಿಸುವ ಹೊಣೆ ಯಾರದೆಂಬುದು ಒಂದು, ಒಪ್ಪಂದ ಮುಗಿದ ದಿನ ಸಹಿಯಾದ ಕಡತಗಳ ಜೊತೆಗೆ ಪ್ರತಿ ಕಡತದ ಆಡಿಟ್ ಟ್ರೇಲನ್ನೂ ಪೂರೈಕೆದಾರರ ತಂತ್ರಾಂಶದ ಹಂಗಿಲ್ಲದೆ ಓದಬಹುದಾದ ರೂಪದಲ್ಲಿ ಹಿಂದಿರುಗಿಸತಕ್ಕದ್ದು ಎಂಬುದು ಇನ್ನೊಂದು. ಎರಡನೆಯ ಕಲಮಿನ ಬಗ್ಗೆ ಪೂರೈಕೆದಾರರು ಚೌಕಾಸಿ ಮಾಡುವುದು ಸಾಮಾನ್ಯ. ಪರೀಕ್ಷಾರ್ಥ ಅವಧಿಯಲ್ಲೇ ಹತ್ತು ಕಡತಗಳನ್ನು ಹಾಗೆ ಹೊರತೆಗೆದು ಕೊಡಿ ಎಂದು ಕೇಳಿ, ಅವನ್ನು ಅಂತರ್ಜಾಲ ಸಂಪರ್ಕವಿಲ್ಲದ ಕಂಪ್ಯೂಟರಿನಲ್ಲಿ ತೆರೆದು ಪರಿಶೀಲಿಸಿದ ನಂತರವೇ ಒಪ್ಪಂದಕ್ಕೆ ಸಹಿ ಹಾಕಿ.