ಒತ್ತುವ ಕೈ ತೆಗೆಯುವುದು ಯಾವಾಗ?

ಹೃದಯ ನಿಂತವರ ಎದೆ ಒತ್ತಲು (ಸಿಪಿಆರ್ ಅನ್ನುತ್ತಾರಲ್ಲ, ಅದು) ಶುರು ಮಾಡುವುದಕ್ಕೆ ಜಾಸ್ತಿ ಯೋಚನೆ ಬೇಕಿಲ್ಲ. ಕೂಗಿದರೆ ಓಗೊಡುತ್ತಿಲ್ಲ, ಉಸಿರಾಟ ಸರಿಯಿಲ್ಲ ಎಂದರೆ ಎದೆಯ ನಡುವೆ ಅಂಗೈ ಊರಿ ಒತ್ತಬೇಕು. ನಿಮಿಷಕ್ಕೆ 100ರಿಂದ 120 ಸಲ, ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ. ಕಷ್ಟ ಇರುವುದು ಆ ಕೈ ತೆಗೆಯುವುದರಲ್ಲಿ.

ಎಲ್ಲರನ್ನೂ ಆಂಬುಲೆನ್ಸಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿದರಾಯಿತು, ಅಲ್ವಾ? ಅದು ಅಷ್ಟು ಸುಲಭವಲ್ಲ. ಚೆನ್ನಾಗಿ ಒತ್ತಿದರೂ ಹರಿಯುವ ರಕ್ತ ಮಾಮೂಲಿನ ಕಾಲುಭಾಗ, ಹೆಚ್ಚೆಂದರೆ ಮೂರರಲ್ಲೊಂದು ಪಾಲು. ಓಡುವ ಗಾಡಿಯಲ್ಲಿ ತಿರುವು ಬಂದಾಗ ಒತ್ತುವವರೇ ವಾಲಿಬಿಟ್ಟರೆ ಅಷ್ಟೂ ಸಿಗುವುದಿಲ್ಲ.

ಹಾಗಾಗಿ ಇದ್ದಲ್ಲೇ ನಿರ್ಧರಿಸಲು ಒಂದು ನಿಯಮವಿದೆ. ಕೆನಡಾದ ಸಂಶೋಧಕರು ಅದನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದರು. ಹೃದಯ ನಿಂತದ್ದು ಆಂಬುಲೆನ್ಸ್ ಸಿಬ್ಬಂದಿಯ ಕಣ್ಣೆದುರಿಗಾ? ಒಂದಾದರೂ ಶಾಕ್ ಕೊಡಬೇಕಾಯಿತಾ? ನಾಡಿ ಒಮ್ಮೆಯಾದರೂ ಮರಳಿತಾ? ಮೂರಕ್ಕೂ ಇಲ್ಲ ಎಂದಾದರೆ ನಿಲ್ಲಿಸಬಹುದು. ಶಾಕ್ ಪ್ರಶ್ನೆ ಯಾಕೆಂದರೆ, ಅದು ಕೆಲಸ ಮಾಡುವುದು ತಾಳ ತಪ್ಪಿ ಅದುರುತ್ತಿರುವ ಹೃದಯದ ಮೇಲೆ. ಪರದೆಯಲ್ಲಿ ಗೆರೆ ಚಪ್ಪಟೆಯಾಗಿದ್ದರೆ ಶಾಕ್‌ನಿಂದ ಪ್ರಯೋಜನವಿಲ್ಲ (ಸಿನಿಮಾದವರು ಮಾತ್ರ ಕೊಡುತ್ತಲೇ ಇರುತ್ತಾರೆ).

ನಿಲ್ಲಿಸಬಹುದು ಎಂದು ಈ ನಿಯಮ ಹೇಳಿದ್ದ 776 ಜನರಲ್ಲಿ ಬದುಕಿದವರು 4. ಲೆಕ್ಕಕ್ಕೆ ಚಿಕ್ಕದು. ಆದರೂ ಆ ನಾಲ್ಕು ಮನೆಗಳನ್ನು ನೆನೆದರೆ, ನಿಯಮದಲ್ಲಿ ‘ನಿಲ್ಲಿಸಬೇಕು’ ಬದಲು ‘ನಿಲ್ಲಿಸಬಹುದು’ ಅಂತಿರುವುದೇ ಸರಿ ಅನ್ನಿಸುತ್ತದೆ.

ನನಗೆ ತುಂಬ ಹಿಡಿಸಿದ್ದು ಇನ್ನೊಂದು ಸುಳಿವು. ಗಂಟಲಿಗೆ ಉಸಿರಿನ ನಳಿಕೆ ಇಳಿಸಿದ ಮೇಲೆ, ಹೊರಬರುವ ಉಸಿರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಎಷ್ಟಿದೆ ಎಂದು ಪರದೆ ತೋರಿಸುತ್ತದೆ. ಈ ಅನಿಲ ಹುಟ್ಟುವುದು ಜೀವಕೋಶಗಳಲ್ಲಿ. ಶ್ವಾಸಕೋಶಕ್ಕೆ ಅದನ್ನು ಹೊತ್ತು ತರಬೇಕಾದದ್ದು ರಕ್ತ. ಅಂದರೆ ಆ ಅಂಕಿ ಉಸಿರಿನ ಕತೆ ಹೇಳುತ್ತಲೇ ರಕ್ತದ ಓಟವನ್ನೂ ಹೇಳಿಬಿಡುತ್ತದೆ. ಆರೋಗ್ಯವಂತರಲ್ಲಿ ಅದು 35ರಿಂದ 45 (ಮಿಲಿಮೀಟರ್ ಪಾದರಸದ ಲೆಕ್ಕದಲ್ಲಿ). ಇಪ್ಪತ್ತು ನಿಮಿಷ ಒತ್ತಿದ ಮೇಲೂ 10 ದಾಟದಿದ್ದರೆ ಆಸೆ ತೀರಾ ಕಮ್ಮಿ. ಕೆಲವೊಮ್ಮೆ ಇದ್ದಕ್ಕಿದ್ದಂತೆ ಅಂಕಿ ಮೇಲಕ್ಕೆ ಜಿಗಿಯುತ್ತದೆ. ಆಗ ನಾಡಿ ಮುಟ್ಟಿ ನೋಡಬೇಕು, ಹೃದಯ ತಾನೇ ಬಡಿಯಲು ಶುರು ಮಾಡಿರಬಹುದು. ಹಾಗಂತ ಇದೊಂದನ್ನೇ ನಂಬಿ ಯಾರೂ ನಿಲ್ಲಿಸುವುದಿಲ್ಲ.

ಚಳಿಗೆ ಮರಗಟ್ಟಿದವರ ವಿಷಯದಲ್ಲಿ ಈ ಲೆಕ್ಕವೆಲ್ಲ ತಲೆಕೆಳಗು. 1999ರಲ್ಲಿ ನಾರ್ವೆಯಲ್ಲಿ ಸ್ವೀಡನ್ನಿನ ವೈದ್ಯೆ ಅನ್ನಾ ಬೋಗೆನ್‌ಹೋಮ್ ಹಿಮದಡಿಯ ನೀರಿನಲ್ಲಿ 80 ನಿಮಿಷ ಸಿಕ್ಕಿಬಿದ್ದಿದ್ದರು. ಮೈಬಿಸಿ 13.7 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಬದುಕಿದರು, ಮತ್ತೆ ವೈದ್ಯರಾಗಿ ಕೆಲಸಕ್ಕೂ ಹೋದರು. ತಣ್ಣಗಾದ ಮಿದುಳಿಗೆ ಆಮ್ಲಜನಕ ಬಹಳ ಕಮ್ಮಿ ಸಾಕು. ಅದಕ್ಕೇ ಮೈ ಬಿಸಿಯೇರುವವರೆಗೆ ಇಂಥವರನ್ನು ಸತ್ತರೆಂದು ಸಾರುವ ಆತುರ ಮಾಡುವುದಿಲ್ಲ.

ಇದೆಲ್ಲ ತರಬೇತಿ ಪಡೆದವರ ಲೆಕ್ಕಾಚಾರ. ದಾರಿಯಲ್ಲಿ ಸಿಕ್ಕ ನಾವು ನೀವು ಯೋಚಿಸಬೇಕಾದದ್ದೇ ಅಲ್ಲ. ಅವರು ಬಂದು ಕೆಲಸ ವಹಿಸಿಕೊಳ್ಳುವವರೆಗೆ ಒತ್ತುತ್ತಿರಬೇಕು. ಎರಡು ನಿಮಿಷಕ್ಕೊಮ್ಮೆ ಇನ್ನೊಬ್ಬರು ಒತ್ತಲು ಬಂದರೆ ಒಳ್ಳೆಯದು, ಸುಸ್ತಾದ ಕೈ ತನಗೇ ಗೊತ್ತಾಗದಂತೆ ಹಗುರವಾಗಿ ಒತ್ತತೊಡಗುತ್ತದೆ.

ನಿಲ್ಲಿಸಿದ ಮೇಲೂ ಸಿಬ್ಬಂದಿ ತಕ್ಷಣ ತಂತಿ ಕಿತ್ತು ಹೊರಡಬಾರದು. ತೀರಾ ಅಪರೂಪಕ್ಕೆ, ಎಲ್ಲರೂ ಕೈಬಿಟ್ಟ ಹೃದಯ ತಾನಾಗಿ ಬಡಿದದ್ದಿದೆ. ಅದಕ್ಕೇ ಸುಮ್ನೆ ಸುಮಾರು ಹತ್ತು ನಿಮಿಷ ಪರದೆ ನೋಡುತ್ತ ಕೂರುತ್ತಾರೆ.