ಗುರಿ ತಪ್ಪಿಸಿದ್ದು ಬಂದೂಕೋ, ತೋಟಾನೋ?

ಮೈಸೂರಿನ ದಸರಾ ವಸ್ತುಪ್ರದರ್ಶನಕ್ಕೆ ಹೋದವರು ಒಮ್ಮೆಯಾದರೂ ಬಲೂನಿಗೆ ಗುಂಡು ಹೊಡೆದಿರುತ್ತಾರೆ. ಹತ್ತರಲ್ಲಿ ಆರು ತಪ್ಪುತ್ತವೆ. 'ನಿನ್ನ ಬಂದೂಕೇ ಸರಿ ಇಲ್ಲ ಕಣಯ್ಯಾ' ಅಂತ ಅಂಗಡಿಯವನಿಗೆ ಬೈದು ಚುರುಮುರಿ ಕಡೆ ಹೊರಡುತ್ತೇವೆ. ಆ ಏರ್‌ಗನ್ನಿನ ಮಟ್ಟಿಗೆ ಮಾತು ನಿಜವೇ ಇರಬಹುದು. ಆದರೆ ಪಾಯಿಂಟ್ ಟೂಟೂ (.22, ಅಂದರೆ ಇಂಚಿನ ನೂರರಲ್ಲಿ ಇಪ್ಪತ್ತೆರಡು ಪಾಲು ಅಗಲದ ನಳಿಗೆಯ) ರೈಫಲ್ ಹಿಡಿದವರೂ ಇದೇ ಮಾತಾಡ್ತಾರೆ. ಅಲ್ಲಿ ಮೊದಲ ತಪ್ಪು ನಮ್ಮದು, ಎರಡನೆಯದು ತೋಟಾದ್ದು. ಬಂದೂಕಿನ ಸರದಿ ಬರುವುದು ಕೊನೆಗೆ.

ನಾನು ಆ ರೈಫಲ್ಲನ್ನು ಮೊದಲು ಹಿಡಿದದ್ದು ಕಾಲೇಜಿನ ಎನ್‌ಸಿಸಿಯಲ್ಲಿ. ಜಮಖಾನದ ಮೇಲೆ ಬೋರಲು ಮಲಗಿ, 25 ಗಜ ದೂರದ ಹಾಳೆಗೆ ಐದು ಗುಂಡು. ಆಮೇಲೆ ಐದೂ ಖಾಲಿ ಖೋಕಾ (ಗುಂಡು ಹಾರಿದ ಮೇಲೆ ಉಳಿಯುವ ತೋಟಾದ ಕವಚ) ಹುಡುಕಿ ಉಸ್ತಾದರ ಕೈಗೆ ಎಣಿಸಿ ಕೊಡಬೇಕು. ಒಂದು ಕಮ್ಮಿ ಬಿದ್ದರೆ ಅದು ಸಿಗುವ ತನಕ ಯಾರಿಗೂ ತಿಂಡಿ ಇಲ್ಲ. ಹಾಗೆ ಹುಲ್ಲು ಕೆದಕುವಾಗಲೇ ಖೋಕಾವನ್ನು ಹತ್ತಿರದಿಂದ ನೋಡಿದ್ದು. ಹಿತ್ತಾಳೆಯ ಪುಟ್ಟ ಕೊಳವೆ, ತಳದ ಅಂಚಿನಲ್ಲಿ ಉಗುರು ಒತ್ತಿದ ಹಾಗೆ ಒಂದು ತಗ್ಗು. ದೊಡ್ಡ ರೈಫಲ್ಲಿನ ತೋಟಾಕ್ಕೆ ಪೆಟ್ಟು ಬೀಳುವುದು ತಳದ ನಟ್ಟನಡುವೆ. ಇದಕ್ಕೆ ಮಾತ್ರ ಅಂಚಿಗೆ.

ಈ ಅಂಚಿನ ಪೆಟ್ಟು ಶುರುವಾದದ್ದು ಮೋಜಿಗೆ. 1845ರಲ್ಲಿ ಫ್ರಾನ್ಸಿನ ಬಂದೂಕು ತಯಾರಕ ಲೂಯಿ ಫ್ಲೋಬೇರ್, ಪೆಟ್ಟು ಬಿದ್ದರೆ ಹೊತ್ತಿಕೊಳ್ಳುವ ಸಿಡಿಮದ್ದಿನ ಪುಟ್ಟ ಟೊಪ್ಪಿಗೆಗೇ ಒಂದು ಸೀಸದ ಗುಂಡು ಸಿಕ್ಕಿಸಿದ. ಬೇರೆ ಮದ್ದೇ ಇಲ್ಲ. ಮನೆಯ ಹಜಾರದಲ್ಲಿ ಗುರಿ ಆಡಲು ಅಷ್ಟು ಸಾಕಿತ್ತು. 1857ರಲ್ಲಿ ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪನಿ ಅಂಚಿನ ಮಡಿಕೆಯೊಳಗೆ ಸಿಡಿಮದ್ದು, ಹೊಟ್ಟೆಗೆ ಕರಿಮದ್ದು ತುಂಬಿ .22 ಶಾರ್ಟ್ ಎಂಬ ತೋಟಾ ತಂದಿತು. 1887ರಲ್ಲಿ ಬಂದ .22 ಲಾಂಗ್ ರೈಫಲ್ ಎಂಬ ತೋಟಾ ಇವತ್ತಿಗೂ ನಡೀತಿದೆ. ಒಂದು ಕಾಲಕ್ಕೆ ದೊಡ್ಡ ತೋಟಾಗಳೂ ಇದೇ ಬಗೆಯವಿದ್ದವು. ಆದರೆ ಅಂಚು ಜಜ್ಜಬೇಕು ಅಂದರೆ ತಗಡು ತೆಳ್ಳಗಿರಬೇಕು. ತೆಳು ತಗಡು ಜಾಸ್ತಿ ಒತ್ತಡ ತಡೆಯಲ್ಲ. ಹಾಗಾಗಿ ದೊಡ್ಡವೆಲ್ಲ ಹೋಗಿ ಚಿಕ್ಕದು ಉಳಿಯಿತು.

ತೊಂದರೆ ಇರುವುದೂ ಅದೇ ಅಂಚಿನಲ್ಲಿ. ಒದ್ದೆ ಸಿಡಿಮದ್ದನ್ನು ಖೋಕಾದೊಳಗೆ ಹಾಕಿ, ಗಿರ್ರನೆ ತಿರುಗಿಸಿ ಅಂಚಿನ ಸುತ್ತ ಹರಡುತ್ತಾರೆ. ಒಂದರಲ್ಲಿ ಸಮ ಹರಡಿತು, ಇನ್ನೊಂದರಲ್ಲಿ ಒಂದು ಬದಿ ತೆಳುವಾಯಿತು ಅನ್ನಿ. ಗುಂಡಿನ ವೇಗ ಬದಲಾಯಿತು. ಸೆಕೆಂಡಿಗೆ 325 ಮೀಟರ್ ಹೋಗಬೇಕಾದದ್ದು 315ಕ್ಕೆ ಇಳಿದರೆ, 50 ಮೀಟರ್ ದೂರದಲ್ಲಿ ಗುಂಡು ಏಳೆಂಟು ಮಿಲಿಮೀಟರ್ ಕೆಳಗೆ ಬೀಳುತ್ತದೆ. ಸ್ಪರ್ಧೆಯ ಹಾಳೆಯಲ್ಲಿ ಹತ್ತು ಅಂಕದ ವೃತ್ತದ ಅಗಲ 10.4 ಮಿಲಿಮೀಟರ್. ನಿಮ್ಮ ಕೈ ಅಲುಗಿಲ್ಲ, ಉಸಿರು ಹಿಡಿದಿದ್ದೀರಿ, ಆದರೂ ಹತ್ತು ಹೋಗಿ ಒಂಬತ್ತಾಗಬಹುದು.

ವೇಗ ಜಾಸ್ತಿ ಇದ್ದರೆ ಒಳ್ಳೆಯದಲ್ವಾ ಅಂತ ಹೊಸಬರು ಕೇಳುತ್ತಾರೆ. ಅಲ್ಲ. ಹೈ ವೆಲಾಸಿಟಿ ಗುಂಡು ಶಬ್ದಕ್ಕಿಂತ ಜೋರಾಗಿ ಹೊರಟು ದಾರಿಯಲ್ಲಿ ಅದಕ್ಕಿಂತ ನಿಧಾನವಾಗುತ್ತದೆ. ಆ ಗಡಿ ದಾಟುವಾಗ ಗಾಳಿ ಅದನ್ನು ಅಲುಗಾಡಿಸುತ್ತದೆ. ಮ್ಯಾಚ್ ತೋಟಾವನ್ನು, ಅಂದರೆ ಸ್ಪರ್ಧೆಗೆಂದೇ ಮಾಡಿದ ತೋಟಾವನ್ನು, ಶಬ್ದದ ವೇಗಕ್ಕಿಂತ ಕೆಳಗೇ ಇಡುವುದು ಅದಕ್ಕೇ.

ದೊಡ್ಡ ರೈಫಲ್ಲಿನವರು ಖಾಲಿ ಖೋಕಾಕ್ಕೆ ಮದ್ದು ತೂಗಿ ತುಂಬಿ ತಮಗೆ ಬೇಕಾದ ತೋಟಾ ಮಾಡಿಕೊಳ್ಳುತ್ತಾರೆ. ಅಂಚು ಜಜ್ಜಿದ .22 ಖೋಕಾವನ್ನು ಹಾಗೆ ಮತ್ತೆ ತುಂಬಿಕೊಳ್ಳೋಕೆ ಆಗಲ್ಲ. ಇರುವ ದಾರಿ ಒಂದೇ, ಆರಿಸಿಕೊಳ್ಳುವುದು. ಒಂದೇ ಕಂಪನಿ, ಒಂದೇ ಬೆಲೆ, ಆದರೂ ಒಂದು ಲಾಟ್ (ಒಂದೇ ಸಲಕ್ಕೆ ತಯಾರಾದ ಕಂತು) ನಿಮ್ಮ ನಳಿಗೆಗೆ ಒಗ್ಗುತ್ತದೆ, ಇನ್ನೊಂದು ಒಗ್ಗಲ್ಲ. ಇಂಗ್ಲೆಂಡಿನ ಈಲಿ, ಫಿನ್‌ಲ್ಯಾಂಡಿನ ಲಪುವಾ ಇದಕ್ಕೆಂದೇ ಪರೀಕ್ಷಾ ರೇಂಜ್ ಇಟ್ಟಿವೆ. ನಿಮ್ಮ ರೈಫಲ್ಲನ್ನು ಕಬ್ಬಿಣದ ಹಿಡಿಕೆಗೆ ಬಿಗಿದು ಲಾಟ್ ಮೇಲೆ ಲಾಟ್ ಹೊಡೆದು ನೋಡುತ್ತಾರೆ.

ನಮ್ಮಲ್ಲಿ ಆ ಭಾಗ್ಯ ಎಷ್ಟು ಜನಕ್ಕೆ? .22ಕ್ಕೆ ಲೈಸೆನ್ಸ್ ಬೇಕು, ಒಳ್ಳೆಯ ಮ್ಯಾಚ್ ತೋಟಾ ಹೊರದೇಶದಿಂದ ಬರಬೇಕು. ಹಾಗಾಗಿ ಮಕ್ಕಳು ಹೆಚ್ಚಾಗಿ 10 ಮೀಟರ್ ಏರ್‌ರೈಫಲ್ಲಿನಿಂದಲೇ ಶುರು ಮಾಡುತ್ತಾರೆ. ಅಭಿನವ್ ಬಿಂದ್ರಾ 2008ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದದ್ದು ಅದರಲ್ಲೇ. 2024ರ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು ಮಾತ್ರ .22ರಲ್ಲಿ, 50 ಮೀಟರ್ ಮೂರು ಭಂಗಿಯ ಸ್ಪರ್ಧೆಯಲ್ಲಿ.

ಮಂಡ್ಯ ಕಡೆಯ ನಮ್ಮ ಮಾವನಿಗೆ ಇದೆಲ್ಲ ತಮಾಷೆ. ಅವರಿಗೆ ಕೋವಿ ಅಂದರೆ ಕಬ್ಬಿನ ಗದ್ದೆಗೆ ನುಗ್ಗುವ ಹಂದಿಯನ್ನು ಬೆದರಿಸೋದು, ಚುನಾವಣೆ ಬಂದಾಗ ಠಾಣೆಗೆ ಕೊಟ್ಟು ಬರೋದು. 'ಮಿಲಿಮೀಟರ್ ಲೆಕ್ಕ ಹಾಕ್ತಾ ಕೂತ್ರೆ ಹಂದಿ ಕಬ್ಬು ಮುಗಿಸಿರ್ತದೆ ಕಣಪ್ಪಾ' ಅಂತಾರೆ.

ಒಂದು ವಿಷಯ ನಾನು ತಡವಾಗಿ ಕಲಿತೆ. .22 ಗುಂಡಿಗೆ ಮೇಣವೋ ಜಿಡ್ಡೋ ಸವರಿರುತ್ತಾರೆ. ಅದು ನಳಿಗೆಯ ಒಳಗೆ ಅಂಟುತ್ತದೆ. ತೋಟಾ ಬದಲಿಸಿದರೆ ಹಳೆಯ ಮೇಣ ಹೋಗಿ ಹೊಸದು ಕೂರುವ ತನಕ ಮೊದಲ ಕೆಲವು ಗುಂಡು ಅಲ್ಲಿಲ್ಲಿ ಬೀಳುತ್ತವೆ. ಇದು ಗೊತ್ತಿಲ್ಲದೆ ಹೊಸ ಡಬ್ಬಿಯ ಐದೇ ಗುಂಡು ಹೊಡೆದು, ತೋಟಾ ಸರಿ ಇಲ್ಲ ಅಂತ ಸುಮ್ನೆ ಪಕ್ಕಕ್ಕಿಟ್ಟಿದ್ದೆ. ವರ್ಷದ ಮೇಲೆ ಅದೇ ಡಬ್ಬಿಯಲ್ಲಿ ಉಳಿದದ್ದನ್ನು ಹೊಡೆದೆ. ಮೊದಲ ಹತ್ತು ಚದುರಿದವು. ಆಮೇಲಿನ ಐದು ಎಂಟಾಣೆ ನಾಣ್ಯದಡಿ ಮುಚ್ಚಿಹೋದವು. ಲಾಟ್ ನಂಬರ್ ಬರೆದುಕೊಂಡು ಅಂಗಡಿಗೆ ಹೋದೆ. ಆ ಲಾಟ್ ಖಾಲಿಯಾಗಿತ್ತು.